ಇಬ್ಬರೇ ಆಡುವ ಆಟ

ಮೂಡಿಗೆರೆ
18 ಆಗಸ್ಟ್ 2024

ಪ್ರೀತಿಯ ವಿಮಲಕ್ಕನಿಗೆ ವಾರಿಜಾಳ ನಮಸ್ಕಾರಗಳು.

ನಿಮ್ಮ ಕಾಗದ ಬಂದು ತಿಂಗಳ ಮೇಲಾಯಿತು. ಉತ್ತರ ಬರೆಯದೆ ಕೂತಿದ್ದಕ್ಕೆ ಬೈಯಬೇಡಿ. ಫೋನು ಕಿವಿಗಿಟ್ಟರೆ ಬರೀ ಗುಂಯ್‌ಗುಡುತ್ತದೆ, ಏನಿದ್ದರೂ ಬರೆದು ತಿಳಿಸು ಎಂದಿದ್ದಿರಿ. ಶಿವಮೊಗ್ಗದಲ್ಲಿ ಮಗಳ ಮನೆ ಹಿಡಿಸಿದೆ ಎಂದು ಓದಿ ಸಮಾಧಾನವಾಯಿತು. ನಿಮ್ಮ ಟೈಲರಿಂಗ್ ಅಂಗಡಿ ಇದ್ದ ಮಳಿಗೆಗೆ ಈಗ ಮೊಬೈಲ್ ರಿಪೇರಿಯವರು ಬಂದಿದ್ದಾರೆ. ಒಳ್ಳೆಯ ಜನವೇ. ಆದರೆ ಗೋಡೆಯಾಚೆಯಿಂದ ಹೊಲಿಗೆ ಮಿಷನ್ನಿನ ಸದ್ದು ಬರದೆ ನನ್ನ ಪ್ರಿಂಟಿಂಗ್ ಅಂಗಡಿಯೂ ಅರ್ಧ ಖಾಲಿಯಾದ ಹಾಗಿದೆ.

ಉಳಿದರ್ಧ ಗಗನಾ ಹೋದ ಮೇಲೆ ಖಾಲಿಯಾಯಿತು. ಅವಳು ಹೇಗಿದ್ದಾಳೆ ಎಂದು ನೀವು ಕೇಳಿದ್ದಿರಲ್ಲ, ಅದಕ್ಕೆ ಏನು ಬರೆಯಬೇಕೋ ತಿಳಿಯದೆ ತಡವಾಯಿತು.

ಜೂನ್‌ನಲ್ಲಿ ಶಾಲೆ ಶುರುವಾಗುವ ಮುಂಚೆ ಯೋಗೇಶ ಬಂದು ಮಗಳನ್ನು ಕರೆದುಕೊಂಡು ಹೋದ. ಅವನದೇನೂ ತಪ್ಪಿಲ್ಲ. ಅವನ ಹೆಂಡತಿ ಪುಷ್ಪ ತೀರಿಕೊಂಡಾಗ ಗಗನಾಗೆ ಮೂರು ವರ್ಷ. "ಸ್ವಲ್ಪ ದಿನ ಇಟ್ಕೊಂಡಿರು ಅಕ್ಕ" ಎಂದು ನನ್ನ ತಮ್ಮ ಬಿಟ್ಟುಹೋದವನು, ಆ ಸ್ವಲ್ಪ ದಿನ ಏಳು ವರ್ಷವಾಯಿತು. ಈಗ ಕಳಸದ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ಅವನ ರೈಟರ್ ಕೆಲಸ ಕಾಯಂ ಆಗಿದೆ, ಕ್ವಾರ್ಟರ್ಸ್ ಕೊಟ್ಟಿದ್ದಾರೆ. ಸಂಸೆಯ ಭುವನಾಳನ್ನು ಮದುವೆಯಾಗಿದ್ದಾನೆ. ಮಗಳು ತನ್ನ ಮನೆಯಲ್ಲಿ ಬೆಳೆಯಲಿ ಎಂದು ಅಪ್ಪನಾದವನಿಗೆ ಅನಿಸದೆ ಇರುತ್ತದೆಯೇ? ಹೊರಡುವಾಗ ಅವಳ ಪೆಟ್ಟಿಗೆ ಕಟ್ಟಿದವಳೂ ನಾನೇ.

ಭಾನುವಾರ ಭಾನುವಾರ ಫೋನ್ ಮಾಡುತ್ತೇನೆ. "ಊಟ ಆಯ್ತಾ?" "ಆಯ್ತು." "ಸ್ಕೂಲು?" "ಚೆನ್ನಾಗಿದೆ." ಅಷ್ಟಕ್ಕೇ ಫೋನ್ ಇಡುತ್ತಾಳೆ. ಅಂಗಡಿಯಲ್ಲಿ ಗಿರಾಕಿಗಳ ಮುಂದೆಯೇ ಪಟಪಟ ಮಾತಾಡುತ್ತಿದ್ದ ಹುಡುಗಿ. ಪೇಪರ್ ಕತ್ತರಿಸುವ ಮೇಜಿನ ಕೆಳಗೆ ಅವಳು ಕೂತು ಹೋಂವರ್ಕ್ ಮಾಡುತ್ತಿದ್ದ ಜಾಗದಲ್ಲಿ ಇವತ್ತಿಗೂ ನಾನು ಕಾಗದದ ಬಂಡಲ್ ಇಟ್ಟಿಲ್ಲ.

ಹೋದ ತಿಂಗಳು ಕರೆಂಟಿಲ್ಲದೆ ಕೂತಿದ್ದಾಗ ನಮ್ಮ ಹಳೆಯ ಆಟ ನೆನಪಾಯಿತು. ಒಬ್ಬರು ಮನಸ್ಸಿನಲ್ಲಿ ಒಂದು ಪದ ಇಟ್ಟುಕೊಳ್ಳುವುದು, ಇನ್ನೊಬ್ಬರು ಊಹಿಸುವುದು. ನಿಮ್ಮ ಅಂಗಡಿಯಲ್ಲೂ ಆಡಿ ನಿಮಗೆ ತಲೆನೋವು ತರಿಸಿದ್ದೆವು. ಅವಳು ಇಟ್ಟುಕೊಳ್ಳುವ ಪದಗಳಿಂದಲೇ ಅವಳ ದಿನ ಹೇಗೆ ಹೋಯಿತು ಎಂದು ನನಗೆ ಗೊತ್ತಾಗಿಬಿಡುತ್ತಿತ್ತು. ಅದನ್ನೇ ಒಂದು ಬೋರ್ಡ್ ಆಟ ಮಾಡೋಣ, ದಸರಾ ರಜೆಗೆ ಬಂದಾಗ ಆಡೋಣ ಎಂದು ಹೊರಟಿದ್ದೇನೆ. ಲಗ್ನಪತ್ರಿಕೆ, ಕಾಫಿಪುಡಿ ಪ್ಯಾಕೆಟ್ಟಿನ ಲೇಬಲ್ಲು ಮಾಡುವ ಕೈಗೆ ಇದೇನು ಕಷ್ಟ ಎಂದುಕೊಂಡಿದ್ದೆ. ಕಷ್ಟವೇ ಇದೆ.

ಮೊದಲು ಹೀಗೆ ಮಾಡಿದೆ. ಒಬ್ಬರು ಮೂರಕ್ಷರದ ಪದವನ್ನು ಬರೆದು ರಟ್ಟಿನ ಮರೆಯಲ್ಲಿ ಇಡಬೇಕು. ಇನ್ನೊಬ್ಬರು ಒಂದೊಂದು ಪದ ಹೇಳುತ್ತಾ ಹೋಗಬೇಕು. ಅಕ್ಷರ ಸರಿಯಾದ ಜಾಗದಲ್ಲಿದ್ದರೆ ಒಂದು ಕಾಫಿ ಬೀಜ, ಅಕ್ಷರ ಇದೆ ಆದರೆ ಜಾಗ ಬೇರೆ ಎಂದರೆ ಒಂದು ಕಾಳುಮೆಣಸು. ಕಟಿಂಗ್ ಮಿಷನ್ನಿನ ರೇವಣ್ಣನನ್ನು ಎದುರಿಗೆ ಕೂರಿಸಿಕೊಂಡೆ. ನಾನು ಇಟ್ಟ ಪದ 'ಕೊಡಲಿ'. ಅವನು 'ಕಡಲೆ' ಎಂದ. ನಡುವಿನ 'ಡ'ಕ್ಕೆ ಮಾತ್ರ ಬೀಜ ಇಟ್ಟೆ. ಕೊನೆಗೆ ಪದ ನೋಡಿದವನೇ ಮುನಿಸಿಕೊಂಡ.

"ಅಲ್ಲ ವಾರಿಜಮ್ಮ, ಕ, ಡ, ಲ, ಮೂರೂ ತಂದು ಕೊಟ್ಟಿದೀನಿ. ಕೊಂಬು ಗುಡಿಸು ಹೆಚ್ಚುಕಮ್ಮಿ ಆಯ್ತು ಅಂತ ಪೂರ್ತಿ ಇಲ್ಲ ಅಂದ್ರೆ ಹೆಂಗೆ?"

ನ್ಯಾಯವಾಗಿಯೇ ಇತ್ತು. ಅಕ್ಷರ ಸರಿ, ಗುಣಿತ ಬೇರೆ ಎಂದಾದರೆ ಒಂದು ಹೆಸರುಕಾಳು ಎಂದು ಸೇರಿಸಿದೆ. ಅಲ್ಲಿಂದ ಆಟಕ್ಕೆ ಜೀವ ಬಂತು. ಬೋರ್ಡಿನ ಮೇಲೆ ಮೂಡಿಗೆರೆಯಿಂದ ಕಳಸದವರೆಗಿನ ರಸ್ತೆ ಬರೆದಿದ್ದೇನೆ. ಬಣಕಲ್, ಕೊಟ್ಟಿಗೆಹಾರ, ಬಾಳೂರು, ಹಿರೇಬೈಲು ಎಲ್ಲ ಒಂದೊಂದು ಮನೆ. ನಡೆಸುವ ಕಾಯಿಗಳು ನೀವು ಬಿಟ್ಟುಹೋದ ಡಬ್ಬದ ಕೋಟಿನ ಗುಂಡಿಗಳು. ಪದ ಊಹಿಸಿದವರು ಮುಂದೆ ಹೋಗಬೇಕು. ನಾನು ಒಂದು ಕಾಯಿಯನ್ನು ಈ ಕಡೆಯಿಂದ, ಇನ್ನೊಂದನ್ನು ಆ ಕಡೆಯಿಂದ ಹೊರಡಿಸಿ ಬಾಳೂರಿನ ಹತ್ತಿರ ಸೇರಿಸಿದ್ದೆ. ರೇವಣ್ಣ ಬಹಳ ಹೊತ್ತು ನೋಡಿ, "ಇದ್ರಲ್ಲಿ ಸೋಲೋರು ಯಾರು?" ಎಂದ. ನನಗೆ ಅದು ಹೊಳೆದೇ ಇರಲಿಲ್ಲ. ಈಗ ತಿದ್ದುತ್ತಿದ್ದೇನೆ.

ಮಂಡಿನೋವಿನ ಎಣ್ಣೆ ತಪ್ಪದೆ ಹಚ್ಚಿಕೊಳ್ಳಿ.

ನಿಮ್ಮ
ವಾರಿಜಾ


ಮೂಡಿಗೆರೆ
22 ಅಕ್ಟೋಬರ್ 2024

ಪ್ರೀತಿಯ ವಿಮಲಕ್ಕ,

ಹಬ್ಬಕ್ಕೆ ನೀವು ಕಳಿಸಿದ ರವಿಕೆ ಕಣ ಬಂದು ತಲುಪಿತು. ಹೊಲಿಸಲು ಯಾರ ಹತ್ತಿರ ಹೋಗಲಿ ಎಂದು ಇನ್ನೂ ಹಾಗೇ ಇಟ್ಟಿದ್ದೇನೆ.

ಗಗನಾ ರಜೆಗೆ ಬರಲಿಲ್ಲ. ಶಾಲೆ ಮುಚ್ಚುವ ಹಿಂದಿನ ದಿನ ಯೋಗೇಶ ಫೋನ್ ಮಾಡಿ, "ಈ ಸಲ ಬೇಡ ಅಕ್ಕ. ಭುವನಾ ಕಡೆಯೋರು ಸಂಸೆಗೆ ಕರೆದಿದಾರೆ. ಅವರ ಬಳಕೆನೂ ಆಗ್ಲಿ" ಎಂದ. ಆಗಲಿ ಎಂದೆ. ಫೋನ್ ಇಟ್ಟ ಮೇಲೆ ಆಟದ ಡಬ್ಬವನ್ನು ಬೀರುವಿನ ಮೇಲಿಟ್ಟೆ, ಮತ್ತೆ ತೆಗೆದೆ. ಆಯುಧಪೂಜೆ ಮುಗಿಸಿ ಮಿಷನ್ನಿಗೆ ಹೂವು ಹಾಕಿ, ಮಾರನೇ ವಾರ ಆಟದ ಡಬ್ಬವನ್ನು ಕೈಚೀಲಕ್ಕೆ ಹಾಕಿಕೊಂಡು ನಾನೇ ಕಳಸದ ಬಸ್ಸು ಹತ್ತಿದೆ. ಒಂದು ವಿಷಯ ನಿಮಗೆ ಮಾತ್ರ ಹೇಳುತ್ತೇನೆ. ಆಟವನ್ನು ತೋರಿಸಿ, ಆಡಿಸಿ, ವಾಪಸ್ ತರಬೇಕೆಂದಿದ್ದೆ. ಅದು ಮೂಡಿಗೆರೆಯಲ್ಲಿದ್ದರೆ ಮುಂದಿನ ರಜೆಗೆ ಅವಳೇ ಹಟ ಮಾಡಿ ಬರುತ್ತಾಳೆ ಎಂಬ ಲೆಕ್ಕಾಚಾರ.

ಕ್ವಾರ್ಟರ್ಸ್ ಅಚ್ಚುಕಟ್ಟಾಗಿದೆ. ಭುವನಾ ಕಡುಬು ಬೇಯಿಸಿ ಕಾಯುತ್ತಿದ್ದಳು. ಸಣ್ಣ ದನಿಯ, ಕೆಲಸದ ಹುಡುಗಿ. ಗಗನಾ ಬಾಗಿಲ ಸಂದಿಯಲ್ಲಿ ನಿಂತಿದ್ದಳು. ಓಡಿ ಬಂದು ಅಪ್ಪಿಕೊಳ್ಳಬೇಕೋ ಬೇಡವೋ ಎಂದು ತಿಳಿಯದವಳ ಹಾಗೆ. ಕೂದಲಿಗೆ ಎರಡು ಜಡೆ ಹಾಕಿದ್ದರು, ನಾನು ಹಾಕುತ್ತಿದ್ದುದಕ್ಕಿಂತ ನೀಟಾಗಿ.

ಅವಳು ನೀರು ತರಲು ಹಿತ್ತಲಿಗೆ ಹೋದಾಗ ಭುವನಾ ಮೆಲ್ಲಗೆ ಅಂದಳು: "ನನ್ನ ಹತ್ರ ಮಾತೇ ಆಡಲ್ಲ ಅಕ್ಕ. ಅನ್ನ ಬೇಕು ಅಂದ್ರೆ ತಟ್ಟೆ ಮುಂದೆ ತಳ್ತಾಳೆ. ಸಾಕು ಅಂದ್ರೆ ಕೈ ಅಡ್ಡ ಹಿಡೀತಾಳೆ. ಬೈಯ್ದ್ರೂ ಪರವಾಗಿರ್ಲಿಲ್ಲ, ಮಾರಾಯ್ತಿ ಒಂದು ಮಾತು ಆಡ್ಲಿ ಅನ್ಸುತ್ತೆ. ನಾನು ಎಂತ ತಪ್ಪು ಮಾಡ್ತಿದೀನಿ ಹೇಳಿ."

ಏನೂ ತಪ್ಪಿಲ್ಲ, ಮಗುವಿಗೆ ಸಮಯ ಬೇಕು ಎಂದೆ. ಬಾಯಿ ಅದನ್ನು ಹೇಳುತ್ತಿರುವಾಗ ಒಳಗೆ ನನಗೆ ಸಂತೋಷವಾಯಿತು, ವಿಮಲಕ್ಕ. ಅವಳ ಮುಖ ನೋಡದೆ ಕಡುಬು ಮುರಿಯುತ್ತಾ ಕೂತೆ.

ಊಟವಾದ ಮೇಲೆ ಜಗಲಿಯಲ್ಲಿ ಬೋರ್ಡ್ ಹರಡಿದೆ. ಊರುಗಳ ಹೆಸರು ಓದುತ್ತಲೇ ಅವಳ ಮುಖ ಬಿಚ್ಚಿಕೊಂಡಿತು. ನಾನು 'ಏಲಕ್ಕಿ' ಇಟ್ಟೆ. "ಕ್ಕಿ ಒಂದು ಮನೆನಾ, ಎರಡಾ?" ಎಂದು ತಕರಾರು ತೆಗೆದಳು. ಒತ್ತಕ್ಷರ ಒಂದೇ ಮನೆ ಎಂದು ಅಲ್ಲೇ ನಿಯಮ ಮಾಡಿದೆವು. ಅವಳು ಇಟ್ಟ ಪದ ನನಗೆ ಎಷ್ಟು ಹೊತ್ತಾದರೂ ಸಿಗಲಿಲ್ಲ. 'ಜಿಗಣೆ'. "ಶಾಲೆಗೆ ಹೋಗೋ ದಾರೀಲಿ ದಿನಾ ಹತ್ತತ್ತೆ ಅತ್ತೆ, ನಾನೀಗ ಹೆದರಲ್ಲ. ಸುಣ್ಣ ಹಚ್ಚಿದ್ರೆ ಬಿದ್ದೋಗತ್ತೆ" ಎಂದಳು. ಆಮೇಲೆ 'ಬೇಸಿಗೆ' ಇಟ್ಟಳು. ಆಮೇಲೆ 'ಮಿಷನ್ನು'. ನಾಲ್ಕು ತಿಂಗಳು ಫೋನಿನಲ್ಲಿ ಸಿಗದ ಹುಡುಗಿ ಎದುರಿಗೆ ಕೂತು ನಗುತ್ತಿದ್ದಳು.

ಭುವನಾ ಅಡುಗೆಮನೆಯ ಬಾಗಿಲಿಗೆ ಒರಗಿ ನೋಡುತ್ತಲೇ ಇದ್ದಳು. "ಮೂರು ಜನ ಆಡ್ಬೋದಾ ಅಕ್ಕ?" ಎಂದು ಕೇಳಿದಳು.

"ಇಲ್ಲ. ಇಬ್ಬರಿಗೇ."

ಅದು ಸುಳ್ಳಲ್ಲ. ಪದ ಇಡುವವರೊಬ್ಬರು, ಹುಡುಕುವವರೊಬ್ಬರು, ಮೂರನೆಯವರಿಗೆ ಕೆಲಸವಿಲ್ಲ. ಆದರೂ ನಾನು ಯೋಚಿಸದೆ ಅಷ್ಟು ಬೇಗ ಹೇಳಬಾರದಿತ್ತು. ಅವಳು ತಲೆಯಾಡಿಸಿ ಒಳಗೆ ಹೋಗಿ ಪಾತ್ರೆ ತೊಳೆಯಲು ಕೂತಳು. ಗಗನಾ ಆ ಕಡೆ ಒಮ್ಮೆ ನೋಡಿ ಮತ್ತೆ ಬೋರ್ಡಿನ ಮೇಲೆ ಬಗ್ಗಿದಳು.

ಸಂಜೆಯ ಬಸ್ಸಿಗೆ ಯೋಗೇಶ ಬೈಕಿನಲ್ಲಿ ಬಿಡಲು ಬಂದ. ಡಬ್ಬ ನನ್ನ ಚೀಲದಲ್ಲೇ ಇತ್ತು. ಗಗನಾ ಅದನ್ನು ಬಿಟ್ಟುಹೋಗು ಎಂದು ಕೇಳಲಿಲ್ಲ. ನಾನು ಚೀಲಕ್ಕೆ ಹಾಕುವುದನ್ನು ನೋಡುತ್ತಾ ನಿಂತಿದ್ದಳು, ಅಷ್ಟೇ. ಬಸ್ ಸ್ಟ್ಯಾಂಡಿನಲ್ಲಿ ಕೂತಾಗ ಆ ಇಬ್ಬರು ಮನೆಯಲ್ಲಿ ಈಗ ಏನು ಮಾಡುತ್ತಿರಬಹುದು ಎಂದು ಯೋಚನೆ ಬಂತು. ಒಬ್ಬಳು ಒಲೆ ಮುಂದೆ, ಇನ್ನೊಬ್ಬಳು ಜಗಲಿಯಲ್ಲಿ. ಮಾತಿಲ್ಲ. ನನ್ನ ಮನೆಯಲ್ಲೂ ಮಾತಿಲ್ಲ ನಿಜ. ಆದರೆ ಅಲ್ಲಿ ಇಬ್ಬರಿದ್ದೂ ಮಾತಿಲ್ಲ.

ಬಸ್ಸು ಬಂದ ಮೇಲೆ ಡಬ್ಬ ತೆಗೆದು ಯೋಗೇಶನ ಕೈಗೆ ಕೊಟ್ಟೆ. "ಇದನ್ನ ಭುವನಾಗೆ ಕೊಡು" ಎಂದೆ.

"ಗಗನಾಗಾ?"

"ಅಲ್ಲ ಮಾರಾಯ, ಭುವನಾಗೆ. ನಿಯಮದ ಹಾಳೆ ನನ್ನ ಹತ್ರ ಇರ್ಲಿ. ಆಟ ಹೇಗೆ ಅಂತ ಗಗನಾನೇ ಅವಳಿಗೆ ಹೇಳ್ಕೊಡಬೇಕು. ನೀನು ಮಧ್ಯ ಬಾಯಿ ಹಾಕ್ಬೇಡ."

ಅವನಿಗೆ ಅರ್ಥವಾಯಿತೋ ಇಲ್ಲವೋ. ಬಸ್ಸಿನಲ್ಲಿ ಖಾಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಾಳೂರು ದಾಟುವವರೆಗೆ, ಇಳಿದು ಹೋಗಿ ಡಬ್ಬ ವಾಪಸ್ ಕೇಳಿಬಿಡಲೇ ಎಂದು ಯೋಚಿಸುತ್ತಿದ್ದೆ.

ನಿಮ್ಮ
ವಾರಿಜಾ


ಮೂಡಿಗೆರೆ
6 ಜನವರಿ 2025

ಪ್ರೀತಿಯ ವಿಮಲಕ್ಕನಿಗೆ,

ಮತ್ತೆ ತಡ ಮಾಡಿದೆ. ಹೊಸ ವರ್ಷದ ಕ್ಯಾಲೆಂಡರಿನ ಕೆಲಸ ನಿನ್ನೆಗೆ ಮುಗಿಯಿತು. ಎಲ್ಲ ಕಡೆ ಕಾಫಿ ಕೊಯ್ಲು ಜೋರು, ಊರಿಗೆ ಊರೇ ಕಣದಲ್ಲಿದೆ. ರೇವಣ್ಣನೂ ಬೆಳಗಿನ ಹೊತ್ತು ಹೆಂಡತಿಯ ಜೊತೆ ತೋಟಕ್ಕೆ ಹೋಗಿ ಮಧ್ಯಾಹ್ನದ ಮೇಲೆ ಬರುತ್ತಿದ್ದಾನೆ.

ನೀವು ಕೇಳಿದ ಸುದ್ದಿಗೆ ಬರುತ್ತೇನೆ. ನಾನು ಬಂದ ಮೇಲೆ ಎರಡು ಭಾನುವಾರ ಫೋನಿನಲ್ಲಿ ಅದೇ "ಆಯ್ತು", "ಚೆನ್ನಾಗಿದೆ". ದೀಪಾವಳಿ ಕಳೆದು ಒಂದು ದಿನ ಗಗನಾಳೇ ಫೋನ್ ಮಾಡಿದಳು. "ಅತ್ತೆ, ಊರಿನ ಹೆಸರು ಇಡ್ಬೋದಾ? ಇವರು 'ಸಂಸೆ' ಇಡ್ತಾರೆ. ಎರಡೇ ಅಕ್ಷರ. ಮೋಸ ಅಲ್ವಾ?" ಮೋಸವೇ ಎಂದೆ. ಹಿಂದಿನಿಂದ ಭುವನಾ, "ಅನುಸ್ವಾರಕ್ಕೊಂದು ಮನೆ ಕೊಡು ಅಂತ ನಾನು ಕೇಳ್ತಿದೀನಿ" ಎನ್ನುವುದು ಕೇಳಿಸಿತು. ಇಬ್ಬರೂ ಜಗಳ ಶುರು ಮಾಡಿ ನನ್ನನ್ನು ಮರೆತರು. ಫೋನ್ ಇಡದೆ ಕೇಳುತ್ತಾ ಕೂತಿದ್ದೆ.

ಕ್ರಿಸ್‌ಮಸ್ ರಜೆಗೆ ಬಂದಿದ್ದರು. ಕೊಯ್ಲಿನ ಸಮಯ, ರೈಟರಿಗೆ ರಜೆ ಎಲ್ಲಿಯದು? ಭುವನಾಳೇ ಮಗುವನ್ನು ಕರೆದುಕೊಂಡು ಬಸ್ಸಿನಲ್ಲಿ ಬಂದಳು. "ನಿಮ್ಮ ಮನೆ ನೋಡ್ದೆ ಇವಳನ್ನ ಸಾಕೋದು ಹೇಗೆ ಅಕ್ಕ" ಎಂದಳು. ಗಗನಾ ಅಂಗಡಿಗೆ ಬಂದವಳೇ ಮೇಜಿನ ಕೆಳಗೆ ನುಗ್ಗಿದಳು. ಕಾಲು ಹಿಡಿಸುವುದಿಲ್ಲ ಈಗ. ಗೂನಾಗಿ ಕೂತು ನಗುತ್ತಿದ್ದಳು.

ಅವಳು ರೇವಣ್ಣನಿಗೆ ಆಟದಲ್ಲಿ ನೀರು ಕುಡಿಸುತ್ತಿದ್ದಾಗ ಭುವನಾ ನನ್ನ ಪಕ್ಕ ಕೂತು ಲೇಬಲ್ ಮಡಚುತ್ತಾ ಹೇಳಿದಳು. "ಅವತ್ತು ಜಗಲಿ ಮೇಲೆ ನೀವು ಆಡುವಾಗ್ಲೇ ನಂಗೆ ಆಟ ಪೂರ್ತಿ ತಿಳಿದಿತ್ತು ಅಕ್ಕ. ಆದ್ರೂ ಏನೂ ಗೊತ್ತಿಲ್ದೋರ ಹಾಗೆ ಹೆಸರುಕಾಳು ಕೈಲಿ ಹಿಡ್ಕೊಂಡು ಕೂತೆ. ಮೂರು ದಿನ ನೋಡಿದ್ಲು. ಆಮೇಲೆ ತಡೀಲಾರ್ದೆ, 'ಹಾಗಲ್ಲ, ಅದನ್ನ ಇಲ್ಲಿಡಬೇಕು' ಅಂದ್ಲು. ನನ್ನ ಹತ್ರ ಆಡಿದ ಮೊದಲ್ನೇ ಮಾತು ಅದು."

ಆ ಹುಡುಗಿಯ ಕೈ ಹಿಡಿದುಕೊಳ್ಳಬೇಕು ಎನಿಸಿತು. ಕೈಗೆ ಗೋಂದು ಮೆತ್ತಿತ್ತು, ಹಿಡಿಯಲಿಲ್ಲ.

ಆಟಕ್ಕೂ ಒಳ್ಳೆಯ ಕಾಲ ಬಂದಿದೆ. ಬಾಬಾಬುಡನ್‌ಗಿರಿ ಕಡೆ ಹೋಂಸ್ಟೇ ನಡೆಸುವ ಮೇಘಶ್ರೀ ಎಂಬುವವರು ಲೇಬಲ್ಲಿಗೆಂದು ಬಂದವರು ಗಗನಾಳ ಎದುರು ಕೂತು ಒಂದು ಕೈ ಆಡಿ ಸೋತು, ತಮ್ಮಲ್ಲಿ ಬಂದುಳಿಯುವವರಿಗೆಂದು ಕೆಲವು ಡಬ್ಬ ಮಾಡಿಕೊಡಿ ಎಂದಿದ್ದಾರೆ. ಒತ್ತಕ್ಷರದ್ದು, ಅನುಸ್ವಾರದ್ದು, ಊರಿನ ಹೆಸರಿನದ್ದು ಎಲ್ಲ ಸೇರಿಸಿ ನಿಯಮದ ಹಾಳೆಯನ್ನು ಹೊಸದಾಗಿ ಬರೆದೆವು. ಅನುಸ್ವಾರದಲ್ಲಿ ಭುವನಾ ಸೋತಳು. ಮೂವರು ಆಡುವ ಹಾಗೆ ಮಾಡಲು ನಾನು ಬಹಳ ಪ್ರಯತ್ನಪಟ್ಟೆ. ಸರತಿ ಹಾಕಿ ನೋಡಿದೆ, ಎರಡು ಮರೆ ಇಟ್ಟು ನೋಡಿದೆ. ಆಗಲಿಲ್ಲ. ಒಬ್ಬರು ಸುಮ್ಮನೆ ಕಾಯುತ್ತಾ ಕೂರಬೇಕಾಗುತ್ತದೆ. ಹಾಳೆಯ ಮೊದಲ ಸಾಲಿನಲ್ಲೇ 'ಇಬ್ಬರಿಗೆ' ಎಂದು ಅಚ್ಚು ಹಾಕಿದ್ದೇನೆ.

ಎರಡು ರಾತ್ರಿ ಉಳಿದು ಹೋದರು. ಬೇಸಿಗೆ ರಜೆಗೆ ಪೂರ್ತಿ ತಿಂಗಳು ಕಳಿಸುತ್ತೇನೆ ಎಂದು ಭುವನಾ ತಾನಾಗಿಯೇ ಹೇಳಿದ್ದಾಳೆ. ನಾನು ಚೆನ್ನಾಗಿದ್ದೇನೆ, ಚಿಂತೆ ಮಾಡಬೇಡಿ. ಮಾಘದಲ್ಲಿ ಹೊರನಾಡಿಗೆ ಹೋಗುತ್ತೇನೆ. ನಿಮ್ಮ ಕಿವಿ ನೆಟ್ಟಗಾಗಲಿ ಎಂದು ಅಮ್ಮನವರ ಮುಂದೆ ಬೇಡಿಕೊಂಡು ಬರುತ್ತೇನೆ. ಅಲ್ಲಿಂದಲೇ ನನ್ನ ತಲೆಯ ಮೇಲೆ ಕೈಯಿಟ್ಟು ಹರಸಿ. ನಿಮ್ಮ ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ.

ಎಂದೂ ನಿಮ್ಮವಳೇ ಆದ
ವಾರಿಜಾ

ಮತ್ತೊಂದು ಮಾತು: ಮೇಲೆ ಬರೆಯಲಾಗಲಿಲ್ಲ. ಅವರು ಹೊರಡುವ ದಿನ ಬೆಳಿಗ್ಗೆ ನಾನೂ ಭುವನಾಳೂ ಅಕ್ಕಿರೊಟ್ಟಿ ತಟ್ಟುತ್ತಿದ್ದೆವು. ಗಗನಾ ಬಚ್ಚಲಿನಿಂದ "ಅಮ್ಮಾ, ಟವೆಲ್" ಎಂದು ಕೂಗಿದಳು. ಭುವನಾ "ಬಂದೆ" ಎಂದಳು. ಅದೇ ಗಳಿಗೆಯಲ್ಲಿ ನಾನೂ "ಬಂದೆ" ಎಂದೆ. ಏಳು ವರ್ಷದಲ್ಲಿ ಒಂದು ದಿನವೂ ಆ ಮಗು ನನ್ನನ್ನು ಹಾಗೆ ಕರೆದದ್ದಿಲ್ಲ. ನನ್ನ ಬಾಯಿ ಯಾಕೆ ಓಗೊಟ್ಟಿತೋ ತಿಳಿಯದು. ಭುವನಾ ಕಾವಲಿಯಿಂದ ಕಣ್ಣೆತ್ತದೆ, "ನಿಮ್ಮನ್ನೇ ಕರೆದಿದ್ದು ಅಕ್ಕ, ಹೋಗಿ" ಎಂದಳು. ಟವೆಲ್ ತೆಗೆದುಕೊಂಡು ಹೋದೆ. ಬಾಗಿಲು ಚೂರೇ ತೆರೆದು ಒದ್ದೆ ಕೈ ಹೊರಗೆ ಬಂತು. "ಹೋಗ್ಬೇಡ ಅಮ್ಮ, ಗೋಡೆ ಮೇಲೆ ಹಲ್ಲಿ ಇದೆ. ಇಲ್ಲೇ ನಿಂತಿರು" ಎಂದಳು ಒಳಗಿನಿಂದ. ನಿಂತಿದ್ದೆ, ವಿಮಲಕ್ಕ. ಅವಳು ಮೈ ಒರೆಸಿಕೊಳ್ಳುವಷ್ಟು ಹೊತ್ತು ಉಸಿರು ಬಿಗಿಹಿಡಿದು ನಿಂತಿದ್ದೆ. ಒಂದು ಮಾತಾಡಿದ್ದರೂ ಅತ್ತೆ ಎಂದು ಗೊತ್ತಾಗಿಬಿಡುತ್ತಿತ್ತು.