ಅರ್ನ್‌ಗ್ರಿಮುರ್ ಅವರ ತಡವಾದ ಉಸಿರು

ಇಸವಿ ೨೩೪೧, ಮೀನುಗಾಲದ ಹದಿಮೂರನೆಯ ದಿನ
ಮೇಲ್ದಂಡೆ, ಪೂರ್ವ ಐಸ್‌ಲ್ಯಾಂಡ್

ಮಾನ್ಯ ಥೋರ್ದಿಸ್ ಅರ್ನ್‌ಗ್ರಿಮ್ಸ್‌ದೋತ್ತಿರ್ ಅವರಿಗೆ,

ತಾರೀಖು ನೋಡಿ, ಯಾರದೋ ತಮಾಷೆಯೆಂದು ಈ ಕಾಗದವನ್ನು ಒಲೆಗೆ ಹಾಕಬೇಡಿ. ನಿಮ್ಮ ನಂತರ ಹತ್ತು ತಲೆಮಾರು ಕಳೆದ ಮೇಲೆ, ನಿಮ್ಮದೇ ಊರಿನ ಮೇಳವನ್ನು ಹಾಡಿಸುವವಳು ನಾನು. ಹೆಸರು ತುಂಗಾ. ನಿಮ್ಮ ಭಾಷೆಯಲ್ಲಿ ಹಾಡುತ್ತೇನೆ, ಜಗಳವನ್ನೂ ಆಡುತ್ತೇನೆ. ಆದರೆ ಕಷ್ಟದ ಮಾತು ಬರೆಯಲು ಕೂತರೆ ಕೈ, ಇಲ್ಲಿಗೆ ವಲಸೆ ಬಂದ ನಮ್ಮ ಹಿರಿಯರ ಮನೆಮಾತಾದ ಕನ್ನಡಕ್ಕೇ ಹೊರಳುತ್ತದೆ. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ, ಬಲ್ಲವರಿಂದ ಓದಿಸಿಕೊಳ್ಳಿ.

ನೀವು ಕಂಡ ಬಂದರು ಈಗ ನೀರಿನಡಿಯಲ್ಲಿದೆ. ನಾವು ಗುಡ್ಡ ಹತ್ತಿ ಕಟ್ಟಿಕೊಂಡ ಊರು ಮೇಲ್ದಂಡೆ. ಬುಗ್ಗೆಯ ಬಿಸಿಯನ್ನು ಹಿಡಿದಿಡುವ ಗಾಜಿನ ‘ಆವಿಮನೆ’ಗಳಲ್ಲಿ ರಾಗಿ ಬೆಳೆದು, ಒಣಮೀನಿನ ಸಾರಿನೊಂದಿಗೆ ಮುದ್ದೆ ಉಣ್ಣುತ್ತೇವೆ. ಬಡಿಸಿದ ಕೂಡಲೇ ಯಾರೂ ಕೈ ಹಾಕುವುದಿಲ್ಲ. ಒಂದು ಉಸಿರಿನಷ್ಟು ಹೊತ್ತು ಕಾಯುತ್ತೇವೆ. ಇದಕ್ಕೆ ‘ಹಿಂದಿನವನ ಉಸಿರು’ ಎಂದು ಹೆಸರು, ಹಿಂದೆ ಬರುತ್ತಿರುವವನಿಗಾಗಿ ಕಾಯುವುದು ಎಂದರ್ಥ. ಮದುವೆಯಲ್ಲಿ ಒಪ್ಪಿಗೆ ಹೇಳುವ ಮುನ್ನ, ಪಂಚಾಯಿತಿಯಲ್ಲಿ ತೀರ್ಪು ಕೊಡುವ ಮುನ್ನವೂ ಹೀಗೆಯೇ. ಹಸಿದ ಮಕ್ಕಳು ಗೊಣಗುತ್ತವೆ. ನಾನೂ ಗೊಣಗಿದವಳೇ.

ಈ ಪದ್ಧತಿ ಬಂದದ್ದು ನಿಮ್ಮ ‘ದೋಣಿ ಪ್ರಾರ್ಥನೆ’ಯಿಂದ. ನಿಮ್ಮ ದೊಡ್ಡ ಕೃತಿಗಳ ಹೆಸರು ಮತ್ತು ವರ್ಣನೆಯಷ್ಟೇ ಉಳಿದಿವೆ. ಹಾಡಾಗಿ ಉಳಿದದ್ದು ಇದೊಂದೇ, ಅದೂ ಸಭಾಮನೆಯಲ್ಲಿ ಅಭ್ಯಾಸ ಮಾಡಿದ ಸಂಜೆ ಯಾರೋ ಧ್ವನಿ ಮುದ್ರಿಸಿಕೊಂಡಿದ್ದರಿಂದ. ನಿಮ್ಮ ನಾಡಿನ ಹಳೆಯ ಕ್ರಮದಂತೆ ಎರಡೇ ದನಿ, ಮೇಲಿನದೊಂದು, ಕೆಳಗಿನದೊಂದು. ಪ್ರತಿ ಸಾಲಿನಲ್ಲೂ ಕೆಳದನಿ ಒಂದು ಉಸಿರು ತಡವಾಗಿ ಬಂದು ಸೇರುತ್ತದೆ. ಮೇಲಿನ ದನಿ ಅಷ್ಟು ಹೊತ್ತು ಒಂಟಿಯಾಗಿ ಕಾಯುವುದನ್ನು ಕೇಳಿ ನಮ್ಮ ಹಿರಿಯರು ಅತ್ತರಂತೆ. ಅದು ನಿಮ್ಮ ಪ್ರತಿಭೆಯೆಂದೇ ನಾನು ಮೇಳಕ್ಕೆ ಪಾಠ ಹೇಳುತ್ತ ಬಂದೆ.

ಕಳೆದ ವಾರ ಆ ಧ್ವನಿಮುದ್ರಣ ಕೇಳುತ್ತ, ಹಾಡು ಮುಗಿದ ಮೇಲೂ ಯಂತ್ರ ನಿಲ್ಲಿಸದೆ ಕೂತಿದ್ದೆ. ಬಹಳ ಹೊತ್ತಿನ ಗರಗರದ ನಂತರ ನಿಮ್ಮ ದನಿ ಬಂತು: “ಅಪ್ಪಾ, ಪ್ರತಿ ಸಲವೂ ತಡ ಮಾಡ್ತೀಯ. ನಾಳೆ ನೀನು ಹಾಡೋದು ಬೇಡ.”

“ದೋಣೀಲಿ ಹಾಡಿ ಅಭ್ಯಾಸ, ಮಗಳೇ. ಅಲೆ ದಾಟೋವರೆಗೂ ಉಸಿರು ಬರೋದಿಲ್ಲ,” ಎಂದರು ನಿಮ್ಮ ಅಪ್ಪ. “ಆಗಲಿ. ನಿನ್ನ ಹಾಡು ಕೆಡಬಾರದು.” ಆಮೇಲೆ ಬಾಗಿಲಿನ ಸದ್ದು.

ಇಷ್ಟು ಕಾಲ ನಾವು ತಲೆಯ ಮೇಲೆ ಹೊತ್ತದ್ದು ಒಬ್ಬ ಮೀನುಗಾರನ ತಪ್ಪನ್ನು ಎಂದು ತಿಳಿದು ನಗು ಬಂತು. ಮುಂದಿನದು ನೆನಪಾಗಿ ನಗು ನಿಂತಿತು. ನಿಮ್ಮ ಜೀವನಕತೆಯನ್ನು ಇಲ್ಲಿ ಶಾಲೆಯಲ್ಲೇ ಓದಿಸುತ್ತಾರೆ. ನಿಮ್ಮ ಅಪ್ಪ ಅರ್ನ್‌ಗ್ರಿಮುರ್ ಮತ್ತೆ ಹಾಡಲಿಲ್ಲ. ಆ ಚಳಿಗಾಲದಲ್ಲೇ ತೀರಿಕೊಂಡರು. ನೀವು ದೂರದ ನಗರಗಳಲ್ಲಿ ಹೆಸರು ಮಾಡಿದಿರಿ, ಮುಪ್ಪಿನವರೆಗೂ ಬರೆದಿರಿ, ಆದರೆ ಗಂಡಸರ ಕೆಳದನಿಗೆ ಮತ್ತೊಂದು ಸಾಲು ಬರೆಯಲಿಲ್ಲ. ಪಂಡಿತರು ಅದನ್ನು ನಿಮ್ಮ ಶೈಲಿ ಎನ್ನುತ್ತಾರೆ. ಇನ್ನು ಮುಂದೆ ಹಾಗೆನ್ನಲು ನನಗೆ ಬಾಯಿ ಬರುವುದಿಲ್ಲ. ನಿಮ್ಮಲ್ಲಿ ಮನೆತನದ ಹೆಸರಿಲ್ಲ, ತಂದೆಯ ಹೆಸರಿಗೆ ‘ದೋತ್ತಿರ್’, ಅಂದರೆ ‘ಮಗಳು’ ಎಂದು ಸೇರಿಸಿದರೆ ಆಯಿತು. ಹಾಗಾಗಿ ಪ್ರತಿ ಕೃತಿಯ ಮೇಲೂ ಅವರ ಹೆಸರನ್ನು ಬರೆಯುತ್ತಲೇ ಇದ್ದಿರಿ. ಅದನ್ನು ಯೋಚಿಸಿದರೆ ನನಗೆ ಸಂಕಟವಾಗುತ್ತದೆ.

ಈ ಕಾಗದವನ್ನು ಆ ಅಭ್ಯಾಸದ ಸಂಜೆಗೇ ಕಳಿಸುತ್ತಿದ್ದೇನೆ. ಕಳೆದ ಕಾಲಕ್ಕೆ ಕಾಗದ ಒಯ್ಯುವ ನಮ್ಮ ‘ಹಿನ್ನಂಚೆ’ಯನ್ನು ನಂಬುವ ಹಾಗಿಲ್ಲ, ಹೆಚ್ಚಿನವು ದಾರಿಯಲ್ಲೇ ಕಳೆದುಹೋಗುತ್ತವೆ. ಇದು ತಲುಪಿದ್ದರೆ, ನಿಮ್ಮ ಅಪ್ಪ ಈಗಷ್ಟೇ ಹೊರಗೆ ಹೋಗಿದ್ದಾರೆ. ಅವರನ್ನು ಕರೆಯಿರಿ. ನಾಳೆ ತಡವಾಗಿಯೇ ಹಾಡಲಿ. ನೀವು ಹಾಗೆ ಮಾಡಿದರೆ ಕಾಲದ ದಾರಿ ತಿರುಗಿ, ಆ ಧ್ವನಿಮುದ್ರಣ ನಮಗೆ ಸಿಗದಿರಬಹುದು, ನಮ್ಮ ಪದ್ಧತಿಯೇ ಹುಟ್ಟದಿರಬಹುದು. ಮೇಳದವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೋದರೆ ಹೋಗಲಿ ಎಂದರು.

ಅವರು ದೂರ ಹೋಗಿರುವುದಿಲ್ಲ. ಹೊರಬಾಗಿಲಲ್ಲಿ ಕೂತು ಬೂಟು ಹಾಕಿಕೊಳ್ಳುತ್ತಿರುತ್ತಾರೆ. ವಯಸ್ಸಾದ ಬೆರಳು, ಲಾಡಿ ಕಟ್ಟಲು ಹೊತ್ತು ಹಿಡಿಯುತ್ತದೆ. ಕಾಗದ ಕೆಳಗಿಟ್ಟು ಏಳಿ, ತಾಯಿ.