ಟಿ.ವಿ.ಗೆ ಕಟ್ಟಿದ ಲೈನಿಂಗ್ ಬಟ್ಟೆ

ರೀ,

ಮಂಡಿ ಮೊಹಲ್ಲಾದ ಹೊಲಿಗೆ ಅಂಗಡಿಗೆ ಹೊರಟೆ. ಕುಕ್ಕರಲ್ಲಿ ಅನ್ನ ಇದೆ, ಸಾರು ಬಿಸಿ ಮಾಡ್ಕೊಳ್ಳಿ. ಹಾಲು ಒಲೆ ಮೇಲಿಟ್ಟು ಟಿ.ವಿ. ಮುಂದೆ ಕೂರಬೇಡಿ. ನಿನ್ನೆ ಉಕ್ಕಿದ್ದನ್ನ ಒರೆಸಿ ಒರೆಸಿ ನನ್ನ ಸೊಂಟ ಬಿದ್ದೋಯ್ತು.

ಟಿ.ವಿ. ತಳಭಾಗ ಮುಚ್ಚೋ ಹಾಗೆ ಬ್ಲೌಸ್ ಲೈನಿಂಗ್ ಬಟ್ಟೆ ಕಟ್ಟಿದ್ದೀನಿ. ಬಿಚ್ಚಿದ್ರೆ ಗಂಟು ನೋಡಿದ ತಕ್ಷಣ ಗೊತ್ತಾಗುತ್ತೆ. ಜರ್ಮನ್ ಕಲೀತೀನಿ ಅಂತ ಸೀರಿಯಲ್ ಹಾಕ್ಕೊಂಡು, ನಾನು ಅಡುಗೆಮನೆಗೆ ಹೋದ ತಕ್ಷಣ ಕೆಳಗೆ ಇಂಗ್ಲಿಷ್ ಅಕ್ಷರ ಆನ್ ಮಾಡ್ಕೊಳ್ಳೋದು ನನಗೆ ಗೊತ್ತಿಲ್ವಾ? ನೋಡೋದಾದ್ರೂ ಏನು, ಬರೀ ಪೊಲೀಸ್ ಕಥೆ. ಮೊನ್ನೆ ಕ್ಲಾಸಿನ ಮೇಡಂ ಫೋನಲ್ಲಿ 'ರೋಗಿಯನ್ನ ಮಾತಾಡಿಸಿ' ಅಂದ್ರೆ ನೀವು 'ಕೈ ಮೇಲೆತ್ತು' ಅಂದ್ರಲ್ಲ! ಜರ್ಮನಿಗೆ ನರ್ಸ್ ಕೆಲಸಕ್ಕೆ ಹೋಗ್ತಿದ್ದೀರೋ, ಕಳ್ಳರನ್ನ ಹಿಡಿಯೋಕೋ? ಪರೀಕ್ಷೆ ಶನಿವಾರ ಕಣ್ರೀ.

ನನಗೆ ಇಂಗ್ಲಿಷ್ ಅಷ್ಟು ಬೇಗ ಓದೋಕೆ ಬರಲ್ಲ. ಅದಕ್ಕೇ ಹುಕ್ಸ್ ಹೊಲೀತಾ ನಿಮ್ಮ ಪಕ್ಕ ಕೂತು ಬರೀ ಕಿವಿ ಕೊಟ್ಟೆ. ಆ ಇನ್‌ಸ್ಪೆಕ್ಟರ್ ಬೇರೆ ಊರಿಗೆ ಒಬ್ಬನೇ ಹೊರಟಾಗ, ಹೆಂಡತಿ ಪೆಟ್ಟಿಗೆ ಎತ್ಕೊಂಡು ಹಿಂದೇನೇ ರೈಲು ಹತ್ತಿ 'ಇಷ್ ಕೊಮ್ಮೆ ಮಿಟ್' ಅಂದ್ಲು. ನಾನೂ ಬರ್ತೀನಿ ಅಂತ. ಯಾರೂ ಹೇಳಿಕೊಡದೇನೇ ಅರ್ಥ ಆಯ್ತು.

'ಮೊದಲು ನಾನೊಬ್ಬ ಹೋಗ್ತೀನಿ, ಅವಳದ್ದು ಆಮೇಲೆ ನೋಡೋಣ' ಅಂತ ನೀವು ಅತ್ತೆ ಹತ್ರ ಹೇಳಿದ್ದೂ ಕೇಳಿಸಿದೆ. ಕಿವಿ ಚೆನ್ನಾಗೇ ಇದೆ ನನಗೆ.

ಸಂಜೆ ಬಂದು ಆ ರೈಲು ಹತ್ತಿದವಳ ಮಾತನ್ನೇ ನಿಮಗೆ ಹೇಳ್ತೀನಿ. ಅದಕ್ಕೆ ಉತ್ತರ ಟಿ.ವಿ. ಕೆಳಗಡೆ ಬರಲ್ಲ ರೀ, ನೀವೇ ಹೇಳ್ಬೇಕು.

ಧರಣಿ