ಸುಬ್ಬಿ ಒಪ್ಪದ ನೀರು

11 ಮಾರ್ಚ್ 2004, ಗುರುವಾರ, ಯಲ್ಲಾಪುರ

ಇವತ್ತು ಸುಬ್ಬಿಯೆದುರು ಸೋತೆ. ಸೋತದ್ದಕ್ಕೆ ಬೇಸರವಿಲ್ಲ.

ಕಿರವತ್ತಿಯ ಬಂಕಿನ ಡೀಸೆಲ್ ಟ್ಯಾಂಕು ನೆಲದಡಿ ಸೋರಿ ಕೇರಿಯ ಬಾವಿ ಕೆಟ್ಟು ಹದಿನಾಲ್ಕು ತಿಂಗಳಾಯಿತು. ಅದನ್ನು ಶುದ್ಧಗೊಳಿಸಲು ಬಂದ ನಾನು ಮತ್ತು ನನ್ನ ತಂಡದವರು ಕೆಟ್ಟ ಮಣ್ಣು ಅಗೆದು ಸಾಗಿಸಿದೆವು, ಪಂಪಿನಿಂದ ನೀರೆತ್ತಿ ಸೋಸಿದೆವು. ನಿನ್ನೆ ಪ್ರಯೋಗಾಲಯದ ವರದಿ ಬಂತು: ನೀರು ಶುದ್ಧ. ಬೆಳಿಗ್ಗೆ ಹೋದರೆ ಎಲ್ಲರೂ ಕೊಡ ಹಿಡಿದು ಕಾಯುತ್ತಿದ್ದರು. ಮೊದಲ ತಂಬಿಗೆಯನ್ನು ಸುಬ್ಬಿಗೆ ಕೊಟ್ಟೆ. ಧಾಬಾದಲ್ಲಿ ರೊಟ್ಟಿ ತಟ್ಟುವ ಅವಳೇ ಅಂದು ವಾಸನೆ ಹಿಡಿದು ಕೇರಿಯವರನ್ನು ತಡೆದವಳು.

ಮೂಸಿ ಚೆಲ್ಲಿಬಿಟ್ಟಳು. "ಇನ್ನೂ ಐತ್ರಿ ಸಾಹೇಬ್ರ. ಯಾರೂ ಕುಡೀಬ್ಯಾಡ್ರಿ."

"ವರದಿ ಸರಿಯಾಗೇ ಇದೆಯಮ್ಮಾ," ಎಂದೆ, ಸಿಟ್ಟಿನಿಂದಲೇ.

"ನಿಮ್ಮ ಕಾಗದ ಸಂಕ್ರಾಂತಿಗೆ ತುಂಬಿಕೊಂಡು ಹೋದ ನೀರಿಂದ್ರಿ. ಈಗ ನೀರು ಎರಡಾಳು ಕೆಳಗಿಳದೈತಿ."

ನೀರಿಳಿದಾಗ ಮಣ್ಣಿನಲ್ಲಿ ಸಿಕ್ಕಿಕೊಂಡ ಎಣ್ಣೆ ಮತ್ತೆ ಬಾವಿಗೆ ಜಿನುಗುತ್ತದೆ. ಓದಿದವನು ನಾನು, ಮರೆತವನೂ ನಾನೇ. ಗಾಜಿನ ಕೊಳವೆ ಇಳಿಸಿ ಎತ್ತಿ ನೋಡಿದೆ. ನೀರ ಮೇಲೆ ಕೂದಲೆಳೆಯಷ್ಟು ಎಣ್ಣೆಯ ಪದರ.

ಪಂಪು ಮತ್ತೆ ಹಚ್ಚುತ್ತೇನೆ ಎಂದೆ. ಯಾರೂ ಬಯ್ಯಲಿಲ್ಲ. ಖಾಲಿ ಕೊಡ ಹೊತ್ತು ಮೈಲಿಯಾಚೆಯ ಬೋರ್‌ವೆಲ್ಲಿಗೆ ಹೊರಟರು, ಸುಬ್ಬಿ ಎಲ್ಲರಿಗಿಂತ ಮುಂದೆ. ಇನ್ನು ಬೇಸಿಗೆ ಪೂರ್ತಿ ಅವಳು ಹೀಗೇ ಹೊರಬೇಕು. ಹೂಂ ಅಂದುಬಿಟ್ಟಿದ್ದರೆ ಅವಳಿಗೇ ಎಷ್ಟು ಸುಲಭವಿತ್ತು.